ದಸ್ತಗಿರಿಯಾದ ಮೊದಲ 24 ಗಂಟೆಗಳು

ವರ್ತೂರು ಸುತ್ತಿನ ರೈತ ಬಾಂಧವರಿಗೆ ಭೂಮಿಯ ಕಾಗದಪತ್ರಗಳ ಪರಿಚಯ ಚೆನ್ನಾಗಿ ಇದೆ. ಪಹಣಿ, ಖಾತೆ, ಪೋಡಿ, ಹದ್ದುಬಸ್ತು ಎಂದರೇನು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಮಗನನ್ನು ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋದ ರಾತ್ರಿ ಯಾವ ಕಾಗದ ಕೇಳಬೇಕು, ಯಾರನ್ನು ಕೇಳಬೇಕು, ಎಷ್ಟು ಹೊತ್ತಿನೊಳಗೆ ಏನಾಗಬೇಕು ಎಂಬುದನ್ನು ಬಲ್ಲವರು ವಿರಳ. ಆಗ ಮನೆಯವರು ಸಾಮಾನ್ಯವಾಗಿ ಮಾಡುವುದು ಇಷ್ಟೇ: ಯಾರಾದರೂ ‘ದೊಡ್ಡವರನ್ನು’ ಹುಡುಕುವುದು, ಕೈಗೆ ಸಿಕ್ಕಷ್ಟು ಹಣ ಹೊಂದಿಸುವುದು, ಬೆಳಗಾಗುವವರೆಗೆ ಠಾಣೆಯ ಹೊರಗೆ ಕುಳಿತಿರುವುದು. ಆ ರಾತ್ರಿಯಲ್ಲಿ ನಮ್ಮ ಸಂವಿಧಾನವು ಯಾವ ರೀತಿ ನೆರವಾಗುತ್ತದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯ ನಮ್ಮ ಭಾಗಕ್ಕೆ ದೂರದ್ದಲ್ಲ. ಗುಂಜೂರು, ಬಳಗೆರೆ, ಪಾಣತ್ತೂರು, ಸೊರಹುಣಸೆ ಮುಂತಾದ ಕಡೆಗಳಲ್ಲಿ ಹೊಲಗದ್ದೆಗಳು ಬಡಾವಣೆಗಳಾಗಿವೆ. ಗುಂಟೆಯ ಬೆಲೆ ಏರಿದಂತೆಲ್ಲ ಅಣ್ಣತಮ್ಮಂದಿರ ಪಾಲಿನ ತಕರಾರು, ಬದುವಿನ ಜಗಳ, ಕರಾರು ಮಾಡಿಕೊಂಡು ಮುಂಗಡ ಕೊಟ್ಟವನ ತಗಾದೆ ಇವೆಲ್ಲ ಹೆಚ್ಚಿವೆ. ಇವು ನ್ಯಾಯವಾಗಿ ಸಿವಿಲ್ ನ್ಯಾಯಾಲಯಕ್ಕೂ ಸರ್ವೆ ಇಲಾಖೆಗೂ ಸೇರಿದ ವಿಷಯಗಳು. ಜಮೀನು ಯಾರದೆಂದು ತೀರ್ಮಾನಿಸುವ ಅಧಿಕಾರ ಯಾವ ಪೊಲೀಸ್ ಅಧಿಕಾರಿಗೂ ಇಲ್ಲ. ಆದರೂ ಬದುವಿನ ಮೇಲೆ ಒಬ್ಬರನ್ನೊಬ್ಬರು ತಳ್ಳಾಡಿದ್ದಾಯಿತು, ಒಬ್ಬನ ಹಣೆಗೆ ಗಾಯವಾಯಿತು ಎಂದರೆ ಅದೇ ವ್ಯಾಜ್ಯ ಕ್ರಿಮಿನಲ್ ಮೊಕದ್ದಮೆಯಾಗುತ್ತದೆ. ಅಷ್ಟಾಗದಿದ್ದರೂ ಎದುರು ಪಕ್ಷದವರು ದೂರು ಬರೆದುಕೊಟ್ಟು, “ಸ್ವಲ್ಪ ಠಾಣೆಗೆ ಬಂದು ಹೋಗಿ” ಎಂಬ ಕರೆ ಬರುವಂತೆ ಮಾಡುವುದುಂಟು. ಕೋರ್ಟಿನಲ್ಲಿ ಹತ್ತು ವರ್ಷ ಹಿಡಿಯುವ ಕೆಲಸವನ್ನು ಠಾಣೆಯ ಬೆಂಚಿನ ಮೇಲೆ ಒಂದು ಸಂಜೆಯಲ್ಲಿ ಮುಗಿಸುವ ಆಸೆ ಅದರ ಹಿಂದೆ ಇರುತ್ತದೆ. ಹಾಗೆ ಹೆದರಿಸಿ ಬರೆಸಿಕೊಂಡ ಮುಚ್ಚಳಿಕೆಯಿಂದ ಭೂಮಿಯ ಹಕ್ಕು ಬದಲಾಗುವುದಿಲ್ಲವೆಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು.

ಇನ್ನು ಆ ಕರೆಯ ವಿಷಯ. ಫೋನಿನಲ್ಲಿ ಬಂದ ಮಾತು ನೋಟೀಸಲ್ಲ. ಏಳು ವರ್ಷಗಳವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಕೂಡಲೇ ದಸ್ತಗಿರಿ ಮಾಡುವ ಅವಶ್ಯಕತೆ ಇಲ್ಲದಿದ್ದರೆ, ಇಂಥ ದಿನ ಇಂಥ ಸ್ಥಳಕ್ಕೆ ಬರತಕ್ಕದ್ದೆಂದು ಪೊಲೀಸರು ಲಿಖಿತ ನೋಟೀಸು ಕೊಡಬೇಕು. ಆ ನೋಟೀಸಿನಂತೆ ನಡೆದುಕೊಳ್ಳುವವನನ್ನು ಅದೇ ಅಪರಾಧಕ್ಕಾಗಿ ದಸ್ತಗಿರಿ ಮಾಡುವಂತಿಲ್ಲ. ಮಾಡಲೇಬೇಕಾದರೆ ಅಧಿಕಾರಿಯು ಕಾರಣವನ್ನು ಬರೆದಿಡಬೇಕು. ಇದನ್ನು 2014ರಲ್ಲಿ ಸುಪ್ರೀಂ ಕೋರ್ಟು ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಕಟ್ಟುನಿಟ್ಟಾಗಿ ವಿಧಿಸಿತು. ಈಗಿನ ಕಾನೂನಿನಲ್ಲಿ ಅದು 35ನೆಯ ಕಲಮಿನಲ್ಲಿದೆ. ಆದಕಾರಣ ಕರೆ ಬಂದಾಗ “ನೋಟೀಸು ಕೊಡಿ ಸ್ವಾಮಿ, ತಪ್ಪದೆ ಬರುತ್ತೇನೆ” ಎಂದು ಕೇಳುವುದು ಉದ್ಧಟತನವಲ್ಲ. ನೋಟೀಸು ಬಂದ ಮೇಲೆ ಹೋಗದಿರುವುದು ಮಾತ್ರ ತಪ್ಪು, ಅಪಾಯಕರವೂ ಹೌದು.

ಮನೆಯಲ್ಲಿರುವ ಹಿರಿಯರಿಗಾಗಿ ಇಲ್ಲೇ ಒಂದು ಮಾತು ಹೇಳಬೇಕು. ಸಾಕ್ಷಿಯಾಗಿ ವಿಚಾರಿಸುವುದಿದ್ದರೆ 60 ವರ್ಷ ಮೀರಿದವರನ್ನೂ, 15 ವರ್ಷದೊಳಗಿನ ಹುಡುಗರನ್ನೂ, ಯಾವುದೇ ವಯಸ್ಸಿನ ಹೆಂಗಸರನ್ನೂ, ಅಂಗವಿಕಲರನ್ನೂ, ತೀವ್ರ ಕಾಯಿಲೆಯವರನ್ನೂ ಠಾಣೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಅವರ ಮನೆಗೆ ಬರಬೇಕು. ಮೂರು ವರ್ಷಕ್ಕಿಂತ ಕಡಮೆ ಶಿಕ್ಷೆಯ ಅಪರಾಧವಾದರೆ, 60 ವರ್ಷ ಮೀರಿದವರನ್ನು ಅಥವಾ ಅಶಕ್ತರನ್ನು ದಸ್ತಗಿರಿ ಮಾಡಲು ಡಿ.ವೈ.ಎಸ್.ಪಿ. ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯ ಅಪ್ಪಣೆ ಮೊದಲೇ ಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವುದಕ್ಕೆ ಮುಂಚೆ ದಸ್ತಗಿರಿ ಮಾಡಕೂಡದು. ತೀರ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯು ಲಿಖಿತ ವರದಿ ಕೊಟ್ಟು, ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು ಹಾಗೆ ಮಾಡಬಹುದು.

ಈ ನಿಯಮ ಎಲ್ಲಿಂದ ಬಂದಿತು?

ದಸ್ತಗಿರಿಯಾದವನಿಗೆ ಇರುವ ಮೂಲ ಹಕ್ಕುಗಳು ಸಂವಿಧಾನದ 20, 21 ಮತ್ತು 22ನೆಯ ವಿಧಿಗಳಲ್ಲಿವೆ. ಇವುಗಳಲ್ಲಿ 22ನೆಯ ವಿಧಿ ಬಂದ ಬಗೆಯಲ್ಲಿ ಕನ್ನಡ ನಾಡಿನವರೊಬ್ಬರ ಪಾತ್ರವೂ ಇದೆ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ದಕ್ಷಿಣ ಕನ್ನಡದ ಬೆನೆಗಲ್ ಮನೆತನದ ಸರ್ ಬಿ. ಎನ್. ರಾವ್. 1947ರ ಕೊನೆಯಲ್ಲಿ ಅವರು ಅಮೆರಿಕಾ ಮುಂತಾದ ದೇಶಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರ ಸಲಹೆ ಪಡೆದು ಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಸಲಹೆಯ ಪ್ರಭಾವದಿಂದ, ಶಾಸನ ಸಭೆ ಮಾಡಿದ ಕಾನೂನು ನ್ಯಾಯಸಮ್ಮತವೆ ಎಂದು ಅಳೆಯುವ ಅಧಿಕಾರವನ್ನು ಕೋರ್ಟಿಗೆ ಕೊಡುವ ಮಾತುಗಳು ನಮ್ಮ ಕರಡಿನಿಂದ ಬಿಟ್ಟುಹೋದವು. ‘ಕಾನೂನು ಗೊತ್ತುಮಾಡಿದ ಕ್ರಮದ ಪ್ರಕಾರ’ ಹೊರತು ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಸಿಯಕೂಡದೆಂದಷ್ಟೇ ಉಳಿಯಿತು. ಹಾಗಾದರೆ ಕೆಟ್ಟ ಕಾನೂನನ್ನೇ ಮಾಡಿಬಿಟ್ಟರೆ ಗತಿಯೇನು ಎಂದು ಅನೇಕ ಸದಸ್ಯರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಅದಕ್ಕೆ ಪರಿಹಾರವಾಗಿ ಡಾ. ಅಂಬೇಡ್ಕರ್ ಅವರು 1949ರ ಸೆಪ್ಟೆಂಬರ್ 15ರಂದು ಒಂದು ಹೊಸ ವಿಧಿಯನ್ನು ಸಭೆಯ ಮುಂದಿಟ್ಟರು. ಅದೇ ಈಗಿನ 22ನೆಯ ವಿಧಿ. ದಸ್ತಗಿರಿ ಮಾಡಿದವನಿಗೆ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು. ತನಗೆ ಬೇಕಾದ ವಕೀಲರನ್ನು ಕಂಡು ಅವರ ಮೂಲಕ ವಾದಿಸಲು ಬಿಡಬೇಕು. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಅದಕ್ಕಿಂತ ಒಂದು ಗಳಿಗೆಯೂ ಹೆಚ್ಚಾಗಿ ಇಟ್ಟುಕೊಳ್ಳಕೂಡದು. ಇವೆಲ್ಲ 1898ರ ಹಳೆಯ ಕಾಯಿದೆಯಲ್ಲೇ ಇದ್ದುವಲ್ಲ, ಸಂವಿಧಾನದಲ್ಲಿ ಮತ್ತೆ ಏಕೆ ಎಂದರೆ, ಕಾಯಿದೆಯನ್ನು ಶಾಸನ ಸಭೆ ಯಾವಾಗ ಬೇಕಾದರೂ ತಿದ್ದಬಹುದು. ಸಂವಿಧಾನದಲ್ಲಿ ಬರೆದದ್ದನ್ನು ಹಾಗೆ ಅಳಿಸಲಾಗದು ಎಂಬುದು ಅಂಬೇಡ್ಕರ್ ಅವರ ಉತ್ತರದ ಸಾರ. ಆ ದೂರದೃಷ್ಟಿ ಎಷ್ಟು ಸರಿಯೆಂಬುದು ಆಮೇಲೆ ಕಂಡುಬಂದಿತು. 1898ರ ಕಾಯಿದೆ ಹೋಗಿ 1973ರದು ಬಂದಿತು. ಅದೂ ಹೋಗಿ 2024ನೆಯ ಇಸವಿ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆಯೆಲ್ಲ ಬದಲಾದವು, 24 ಗಂಟೆ ಮಾತ್ರ ಬದಲಾಗಲಿಲ್ಲ. 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಕಾನೂನಿನ ಕ್ರಮವೆಂದರೆ ನ್ಯಾಯಯುತವಾದ ಕ್ರಮವೇ ಆಗಿರತಕ್ಕದ್ದೆಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ 21ನೆಯ ವಿಧಿಗೂ ಬಲ ಬಂದಿತು.

ಗಂಟೆಗಳನ್ನು ಎಣಿಸುವ ಬಗೆ

ಈಗ ಮನೆಯ ಅಂಗಳಕ್ಕೆ ಬರೋಣ. ಬದುವಿನ ಜಗಳದಲ್ಲಿ ಒಬ್ಬ ಯುವಕನನ್ನು ಸಂಜೆ 7 ಗಂಟೆಗೆ ಕರೆದೊಯ್ದರೆಂದು ಇಟ್ಟುಕೊಳ್ಳಿ. ಮನೆಯವರು ಮಾಡಬೇಕಾದ ಮೊದಲ ಕೆಲಸ, ಹೊತ್ತನ್ನು ಬರೆದಿಡುವುದು. ಕರೆದೊಯ್ದವರು ಯಾರು, ಯಾವ ವಾಹನ, ನೋಡಿದವರು ಯಾರು ಎಂಬುದೂ ಅದೇ ಚೀಟಿಯಲ್ಲಿರಲಿ. ಏಕೆಂದರೆ ಸಂಜೆ ಕರೆದೊಯ್ದವನನ್ನು ಮರುದಿನ ಮಧ್ಯಾಹ್ನ ದಸ್ತಗಿರಿ ಮಾಡಿದೆವೆಂದು ಪುಸ್ತಕದಲ್ಲಿ ಬರೆಯುವ ಕೆಟ್ಟ ರೂಢಿಯ ಬಗ್ಗೆ ಕೋರ್ಟುಗಳಲ್ಲಿ ದೂರುಗಳು ಬಂದಿವೆ. ಎದ್ದು ಹೋಗಲು ಬಿಡದ ಗಳಿಗೆಯಿಂದಲೇ ಲೆಕ್ಕ ಹಿಡಿಯಬೇಕೆಂದು ಹೈಕೋರ್ಟುಗಳು ಹೇಳಿವೆ. ಅದನ್ನು ರುಜುವಾತು ಮಾಡಲು ಮನೆಯವರ ಚೀಟಿಯೇ ಆಧಾರ. ಭಾನುವಾರ, ಹಬ್ಬದ ದಿನ ಎಂಬ ನೆಪವಿಲ್ಲ. ರಜೆಯ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ.

ಎರಡನೆಯದು ದಸ್ತಗಿರಿ ಪತ್ರ. ಇದರ ಹಿಂದೆ ಒಂದು ಕಥೆ ಇದೆ. ಪೊಲೀಸರ ವಶದಲ್ಲಿ ಸಾಯುವವರ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿರುವುದನ್ನು ಕಂಡು, ಪಶ್ಚಿಮ ಬಂಗಾಳದ ಕಾನೂನು ನೆರವಿನ ಸಂಸ್ಥೆಯೊಂದರ ಡಿ. ಕೆ. ಬಸು ಎಂಬವರು 1986ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ಎಣಿಸಿ ವಿಚಾರಿಸಿ, 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿ ವಿಧಿಸಿದ್ದ ನಿಯಮಗಳು ಈಗ ಕಾನೂನಿನಲ್ಲೇ ಸೇರಿವೆ. ದಸ್ತಗಿರಿ ಮಾಡುವ ಪೊಲೀಸಿನವರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ದಿನ, ಹೊತ್ತು ಬರೆದ ಪತ್ರಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ದಸ್ತಗಿರಿಯಾದವನೂ ಸಹಿ ಮಾಡಬೇಕು. ಎಲ್ಲಿ ಇಟ್ಟಿದ್ದಾರೆಂಬುದನ್ನು ಅವನು ಹೇಳಿದ ಒಬ್ಬ ಬಂಧುವಿಗೋ ಸ್ನೇಹಿತನಿಗೋ ತಿಳಿಸಬೇಕು. ವೈದ್ಯರಿಂದ ತಪಾಸಣೆ ಮಾಡಿಸಬೇಕು. ಮೈಮೇಲಿನ ಗಾಯ ವೈದ್ಯರ ಪುಸ್ತಕಕ್ಕೆ ಏರುವುದು ಆಗಲೇ. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು, ಆದರೆ ವಕೀಲರು ವಿಚಾರಣೆ ಮುಗಿಯುವ ತನಕ ಪಕ್ಕದಲ್ಲೇ ಕೂರುವಂತಿಲ್ಲ. ಇದಲ್ಲದೆ ಠಾಣೆಗಳಲ್ಲಿ ಕ್ಯಾಮರಾ ಇರಬೇಕೆಂದೂ ಅದರ ಚಿತ್ರಗಳನ್ನು ತಿಂಗಳುಗಟ್ಟಲೆ ಕಾಪಾಡಬೇಕೆಂದೂ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ. ಹೊಡೆದರೆಂಬ ದೂರಿದ್ದರೆ ಆ ಚಿತ್ರಗಳನ್ನು ತರಿಸಬೇಕೆಂದು ಮ್ಯಾಜಿಸ್ಟ್ರೇಟರನ್ನು ಬೇಗನೆ ಕೇಳಿಕೊಳ್ಳುವುದು ಒಳ್ಳೆಯದು.

ಮೂರನೆಯದು ದಸ್ತಗಿರಿಯ ಕಾರಣ. ಯಾವ ಭಾಷೆಯಲ್ಲಿ ಅದನ್ನು ತಿಳಿಸಬೇಕು? ಈ ಪ್ರಶ್ನೆ ಹಳೆಯದು. ಮಹಾರಾಷ್ಟ್ರದಲ್ಲಿ ಮುನ್ನೆಚ್ಚರಿಕೆಯ ಬಂಧನದಲ್ಲಿಟ್ಟಿದ್ದ ಒಬ್ಬನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟರು. ಅವನಿಗೆ ಇಂಗ್ಲಿಷ್ ಬಾರದು. ಹಿಂದಿಯಲ್ಲಿ ಬೇಕೆಂದು ಕೇಳಿದ, ಕೊಡಲಿಲ್ಲ. ಒಬ್ಬ ಅಧಿಕಾರಿ ಬಾಯಿಮಾತಿನಲ್ಲಿ ವಿವರಿಸಿದ್ದಾನಲ್ಲ ಎಂದು ಸರಕಾರ ವಾದಿಸಿತು. ಆರೋಪವೇನೆಂದು ತಿಳಿಯದವನು ಅದಕ್ಕೆ ಉತ್ತರ ಹೇಗೆ ಕೊಟ್ಟಾನು ಎಂಬ ಕಾರಣದಿಂದ ಸುಪ್ರೀಂ ಕೋರ್ಟು 1962ರಲ್ಲಿ, ಹರಿಕಿಸನ್ ಮೊಕದ್ದಮೆಯಲ್ಲಿ, ಆ ಬಂಧನವನ್ನೇ ರದ್ದು ಮಾಡಿತು. ಈಚೆಗೆ, 2025ರ ನವೆಂಬರಿನಲ್ಲಿ, ಯಾವ ಅಪರಾಧವಾದರೂ ದಸ್ತಗಿರಿಯ ಕಾರಣವನ್ನು ಬರವಣಿಗೆಯಲ್ಲಿ, ದಸ್ತಗಿರಿಯಾದವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಅದೇ ಕೋರ್ಟು ತೀರ್ಪಿತ್ತಿದೆ. ಆ ಕ್ಷಣದಲ್ಲಿ ಬರೆದುಕೊಡಲು ಆಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕಡೆಯಪಕ್ಷ ಎರಡು ಗಂಟೆ ಮುಂಚೆಯಾದರೂ ಬರಹ ಕೈ ಸೇರಬೇಕು. ನಮ್ಮ ಕಡೆ ಕನ್ನಡವಷ್ಟೇ ಅಲ್ಲ, ತೆಲುಗು, ತಮಿಳು, ಉರ್ದು ಮನೆಮಾತಿನವರೂ ಇದ್ದಾರೆ. ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದಲೂ ಬಂಗಾಳ, ಬಿಹಾರಗಳಿಂದಲೂ ಬಂದು ಷೆಡ್ಡುಗಳಲ್ಲಿ ಇರುವವರೂ ಇದ್ದಾರೆ. ಈ ಹಕ್ಕು ಅವರೆಲ್ಲರದು. ನಮ್ಮ ತೋಟದಲ್ಲಿ ದುಡಿಯುವ ಹುಡುಗನಿಗೆ ಇಲ್ಲಿ ಕೇಳುವವರು ಯಾರೂ ಇಲ್ಲದಿದ್ದರೆ, ಕೇಳುವ ಕೆಲಸ ತೋಟದ ಯಜಮಾನನದು.

ಇಲ್ಲಿ ಒಬ್ಬ ಹಿರಿಯ ರೈತರು ಹೀಗೆ ಕೇಳಬಹುದು: “ಅಲ್ಲಯ್ಯಾ, ಠಾಣೆಯಲ್ಲಿ ನಿಂತು ನಾವು ಕಾನೂನು ಮಾತಾಡಿದರೆ ಸಾಹೇಬರಿಗೆ ಸಿಟ್ಟು ಬಂದು ಒಳಗಿರುವ ಹುಡುಗನಿಗೆ ಇನ್ನೆರಡು ಏಟು ಹೆಚ್ಚು ಬೀಳುವುದಿಲ್ಲವೆ?” ಈ ಭಯ ಸುಳ್ಳಲ್ಲ. ಎಲ್ಲ ಅಧಿಕಾರಿಗಳೂ ಒಂದೇ ತರಹ ಇರುವುದಿಲ್ಲ. ಆದುದರಿಂದ ದನಿಯೆತ್ತಿ ವಾದಿಸುವುದಕ್ಕಿಂತ, ಒಬ್ಬ ವಕೀಲರನ್ನೋ ಊರಿನ ಇಬ್ಬರು ತಿಳಿವಳಿಕಸ್ಥರನ್ನೋ ಕರೆದುಕೊಂಡು ಹೋಗಿ ಮರ್ಯಾದೆಯಿಂದ ಕೇಳುವುದು, ಉತ್ತರ ಬಾರದಿದ್ದರೆ ಕೇಳಿದ್ದನ್ನೇ ಕಾಗದದಲ್ಲಿ ಬರೆದು ಮೇಲಧಿಕಾರಿಗೆ ಕಳುಹಿಸುವುದು ಲೇಸು. ಹೊರಗೆ ಯಾರೋ ಹೊತ್ತು ಎಣಿಸುತ್ತಿದ್ದಾರೆಂದು ಒಳಗಿನವರಿಗೆ ಗೊತ್ತಾದರೆ ಸಾಕು, ಕೈ ಎತ್ತಲು ಹಿಂಜರಿಯುತ್ತಾರೆ. 24 ಗಂಟೆ ಕಳೆದೂ ಮ್ಯಾಜಿಸ್ಟ್ರೇಟರ ಮುಂದೆ ತರದಿದ್ದರೆ ಹೈಕೋರ್ಟಿನಲ್ಲಿ ‘ಹೇಬಿಯಸ್ ಕಾರ್ಪಸ್’ ಅರ್ಜಿ ಹಾಕಬಹುದು. ‘ಆ ಮನುಷ್ಯನನ್ನು ನಮ್ಮ ಮುಂದೆ ತಂದು ನಿಲ್ಲಿಸಿ’ ಎಂದು ಕೋರ್ಟು ಆಜ್ಞೆ ಮಾಡುವಂತೆ ಕೋರುವ ಅರ್ಜಿ ಅದು. ಹೆಂಡತಿ, ತಂದೆ, ಸ್ನೇಹಿತ ಯಾರು ಬೇಕಾದರೂ ಹಾಕಬಹುದು.

ಕೈಗೆ ಬೇಡಿ ಹಾಕಿ ಊರಿನ ಬೀದಿಯಲ್ಲಿ ನಡೆಸಿಕೊಂಡು ಹೋಗುವುದರ ವಿಷಯದಲ್ಲಿ ನಮ್ಮ ರಾಜ್ಯದ್ದೇ ಒಂದು ತೀರ್ಪು ಇದೆ. ಚೆಕ್ಕಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ವಾರಂಟಿನ ಮೇಲೆ ಹಿಡಿದ ಒಬ್ಬ ಕಾನೂನು ವಿದ್ಯಾರ್ಥಿಗೆ ಬೇಡಿ ಹಾಕಿ ಕರೆದೊಯ್ದಿದ್ದರು. 2022ರಲ್ಲಿ ಕರ್ನಾಟಕ ಹೈಕೋರ್ಟು, ಸಾಮಾನ್ಯವಾಗಿ ಬೇಡಿ ಹಾಕಕೂಡದು, ಹಾಕಲೇಬೇಕಾದ ಕಾರಣವಿದ್ದರೆ ಬರೆದಿಡಬೇಕು ಎಂದು ಹೇಳಿ, ಅವನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೊಲೆ, ಭಯೋತ್ಪಾದನೆ ಮೊದಲಾದ ಘೋರ ಅಪರಾಧಗಳಲ್ಲಿ ಬೇಡಿ ಹಾಕಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಬದುವಿನ ಜಗಳ ಆ ಪಟ್ಟಿಯಲ್ಲಿಲ್ಲ.

ಬಾಯಿ ಬಿಡಿಸುವುದು, ಸಹಿ ಹಾಕಿಸುವುದು

ಯಾವ ಆಪಾದಿತನನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು 20ನೆಯ ವಿಧಿ ಹೇಳುತ್ತದೆ. ಇದರ ಮೇಲೆ ನಡೆದ ಮಹತ್ವದ ಮೊಕದ್ದಮೆ ಕರ್ನಾಟಕದ್ದೇ. 2000ದ ನಂತರದ ವರ್ಷಗಳಲ್ಲಿ ‘ಮಂಪರು ಪರೀಕ್ಷೆ’ ಎಂಬುದರ ಸುದ್ದಿ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಬಹಳ ಬರುತ್ತಿತ್ತು. ಸೋಡಿಯಂ ಪೆಂಟೊಥಾಲ್ ಎಂಬ ಔಷಧಿಯನ್ನು ನರದೊಳಕ್ಕೆ ಕೊಟ್ಟು, ಅರೆಮಂಪರಿನಲ್ಲಿರುವವನಿಂದ ಮಾತು ಹೊರಡಿಸುವುದೇ ಆ ಪರೀಕ್ಷೆ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಇದಕ್ಕೆ ಹೆಸರಾಗಿ, ಬೇರೆ ರಾಜ್ಯಗಳ ಪೊಲೀಸರೂ ಆಪಾದಿತರನ್ನು ಇಲ್ಲಿಗೆ ಕರೆತರುತ್ತಿದ್ದರು. ಹೊಡೆಯುವುದಕ್ಕಿಂತ ಇದು ಒಳ್ಳೆಯದಲ್ಲವೆ ಎಂದು ವಾದಿಸಿದವರೂ ಉಂಟು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರದ ಪರೀಕ್ಷೆ, ಮಿದುಳಿನ ಪರೀಕ್ಷೆ ಯಾವುದನ್ನೂ ಮಾಡುವಂತಿಲ್ಲ. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಮನುಷ್ಯನ ಮನಸ್ಸಿನೊಳಕ್ಕೆ ಬಲವಂತವಾಗಿ ಕೈಹಾಕುವುದೂ ಬಲಾತ್ಕಾರವೇ ಎಂಬುದು ಆ ತೀರ್ಪಿನ ತಿರುಳು. ಬೆರಳಚ್ಚು, ರಕ್ತದ ಮಾದರಿ ಮುಂತಾದವು ಮಾತ್ರ ಈ ರಕ್ಷಣೆಯೊಳಗೆ ಬರುವುದಿಲ್ಲ. ಅವನ್ನು ಕಾನೂನಿನ ಕ್ರಮದಂತೆ ತೆಗೆದುಕೊಳ್ಳಬಹುದು.

ನಮ್ಮ ಹಳ್ಳಿಗಳಲ್ಲಿ ಮಂಪರು ಪರೀಕ್ಷೆಗಿಂತ ಹೆಚ್ಚಾಗಿ ಎದುರಾಗುವುದು ಸಹಿಯ ಪ್ರಶ್ನೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಅಪರಾಧದ ರುಜುವಾತಾಗಿ ಕೋರ್ಟಿನಲ್ಲಿ ಬಳಸುವಂತಿಲ್ಲ. ಅವನ ಮಾತಿನಿಂದ ಒಂದು ಕತ್ತಿಯೋ ಕದ್ದ ಮಾಲೋ ಸಿಕ್ಕಿದರೆ, ಅದು ಸಿಕ್ಕಿದ್ದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಹಾಗೆಯೇ, ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ, ಸಾಕ್ಷಿಯದಾಗಲಿ ಆಪಾದಿತನದಾಗಲಿ, ಸಹಿ ಹಾಕಿಸಿಕೊಳ್ಳಬಾರದೆಂದು ಕಾನೂನೇ ಹೇಳುತ್ತದೆ. ಸಹಿ ಬೇಕಾಗುವುದು ನೀವೇ ಕೊಡುವ ದೂರಿಗೆ, ದಸ್ತಗಿರಿ ಪತ್ರಕ್ಕೆ, ಜಾಮೀನು ಪತ್ರಕ್ಕೆ, ಮಹಜರಿಗೆ. ಖಾಲಿ ಹಾಳೆಗೆ ಸಹಿ ಯಾವ ಕಾನೂನಿನಲ್ಲೂ ಇಲ್ಲ.

ಮಹಜರಿನ ಮಾತು ಬಂದದ್ದರಿಂದ ಪಂಚರ ವಿಷಯವನ್ನೂ ಹೇಳಿಬಿಡುತ್ತೇನೆ. ರಸ್ತೆಯಲ್ಲಿ ಹೋಗುತ್ತಿದ್ದ ರೈತನನ್ನು ಕರೆದು, ‘ಇಲ್ಲೊಂದು ರುಜು ಹಾಕು’ ಎಂದರೆ ಅನೇಕರು ಏನೆಂದು ನೋಡದೆ ಹಾಕಿಬಿಡುತ್ತಾರೆ. ನಾಲ್ಕು ವರ್ಷದ ಮೇಲೆ ಕೋರ್ಟಿನಿಂದ ಸಮನ್ಸು ಬಂದಾಗ ಅವರಿಗೆ ಏನೂ ನೆನಪಿರುವುದಿಲ್ಲ. ಆ ರುಜುವಿನಿಂದ ನಿರಪರಾಧಿಯೊಬ್ಬ ಜೈಲಿಗೆ ಹೋಗಬಹುದು, ಅಥವಾ ನಿಜವಾದ ಕಳ್ಳ ಬಿಡುಗಡೆಯಾಗಬಹುದು. ಕಣ್ಣಾರೆ ಕಂಡದ್ದಕ್ಕೆ, ಓದಿಸಿ ಕೇಳಿದ್ದಕ್ಕೆ ಮಾತ್ರ ರುಜು ಹಾಕಬೇಕು. ಹೊಸ ಕಾನೂನಿನ ಪ್ರಕಾರ ಶೋಧನೆ, ಜಪ್ತಿಗಳನ್ನು ಮೊಬೈಲಿನಲ್ಲಾದರೂ ವೀಡಿಯೊ ಮಾಡತಕ್ಕದ್ದು. ಪಂಚರು ಅದನ್ನು ಕೇಳಿ ಮಾಡಿಸಿದರೆ ಅವರಿಗೇ ಅನುಕೂಲ.

ಜಾಮೀನಿನ ವಿಷಯ ಚಿಕ್ಕದಾಗಿ ಹೇಳಬಹುದು. ಜಾಮೀನು ಕೊಡಬಹುದಾದ ಅಪರಾಧವಾದರೆ ಅದು ಹಕ್ಕು, ಠಾಣೆಯಲ್ಲೇ ಬಿಡಬೇಕು. ಜಾಮೀನುದಾರರನ್ನು ಒದಗಿಸಲು ಒಂದು ವಾರದೊಳಗೆ ಆಗದವನನ್ನು ಬಡವನೆಂದೇ ಎಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದು. ಉಳಿದ ಅಪರಾಧಗಳಲ್ಲಿ ನ್ಯಾಯಾಧೀಶರ ವಿವೇಚನೆ. ಆದರೆ 60 ದಿನಗಳಲ್ಲಿ, ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಘೋರ ಅಪರಾಧವಾದರೆ 90 ದಿನಗಳಲ್ಲಿ, ದೋಷಾರೋಪಣ ಪಟ್ಟಿ ಕೋರ್ಟಿಗೆ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ. ಅದನ್ನು ಅರ್ಜಿ ಕೊಟ್ಟು ಕೇಳಬೇಕು. ಪಟ್ಟಿ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ನೆಂಟರಿಗೆಂದು ಪಹಣಿ ಕೊಟ್ಟು ಜಾಮೀನು ನಿಲ್ಲುವವರು ಒಂದನ್ನು ತಿಳಿದಿರಬೇಕು: ಅವನು ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಬರೆದುಕೊಟ್ಟ ಹಣವನ್ನು ನಿಮ್ಮಿಂದ ವಸೂಲು ಮಾಡುತ್ತಾರೆ.

ಕಳ್ಳ ನಮ್ಮ ಕೈಗೆ ಸಿಕ್ಕಾಗ

ಇಲ್ಲಿಯವರೆಗೆ ನಮ್ಮ ಮೇಲೆ ಆಪಾದನೆ ಬಂದಾಗ ಎಂದು ನೋಡಿದೆವು. ಹಕ್ಕಿನ ನಿಜವಾದ ಪರೀಕ್ಷೆ ಇರುವುದು ನಮ್ಮ ಪಂಪ್‌ಸೆಟ್ಟಿನ ಕೇಬಲ್ ಕದ್ದವನು ರಾತ್ರಿ ತೋಟದಲ್ಲಿ ಸಿಕ್ಕಿಬಿದ್ದಾಗ. ಅಂಥವನನ್ನು ಹಿಡಿಯುವ ಅಧಿಕಾರ ಸಾಮಾನ್ಯ ಮನುಷ್ಯನಿಗೂ ಇದೆ. ಆದರೆ ವಿಳಂಬ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆಯುವ ಅಧಿಕಾರ ಊರಿಗೂ ಇಲ್ಲ, ಪೊಲೀಸರಿಗೂ ಇಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳನೆಂಬ ಸುಳ್ಳು ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ನಂಬಿದ ಗುಂಪು, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಒಬ್ಬ ಯುವಕನನ್ನು ಬಡಿದು ಕೊಂದಿತು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಕೈಹಾಕಿದವರು ಕೊಲೆಯ ಆಪಾದನೆಯ ಮೇಲೆ ಜೈಲು ಕಂಡರು. 24 ಗಂಟೆ, ವಕೀಲರು, ಮ್ಯಾಜಿಸ್ಟ್ರೇಟರು ಎಂಬ ಹಕ್ಕುಗಳು ಆಗ ಅವರಿಗೂ ಬೇಕಾದವು.

ಕಳವಾದವನಿಗೂ ಹಕ್ಕುಗಳಿವೆ. ದೂರನ್ನು ಯಾವ ಠಾಣೆಯಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. 90 ದಿನಗಳೊಳಗೆ ತನಿಖೆ ಎಲ್ಲಿಗೆ ಬಂದಿದೆಯೆಂದು ತಿಳಿಸಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.

ಬಾಗಿಲು ಮುಚ್ಚಿದ್ದ ಕಾಲ

ಈ ಹಕ್ಕುಗಳೆಲ್ಲ ಒಮ್ಮೆ ಬಾಗಿಲು ಮುಚ್ಚಿ ನಿಂತದ್ದೂ ಉಂಟು. 1975ನೆಯ ಇಸವಿ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪಾರ್ಲಿಮೆಂಟಿನ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ, ಎಸ್. ಎನ್. ಮಿಶ್ರ ಅವರನ್ನು 26ರಂದು ಹಿಡಿದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಅವರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಬೇರೆ ರಾಜ್ಯಗಳಲ್ಲೂ ಇಂಥ ಅರ್ಜಿಗಳಿದ್ದವು. ಎಲ್ಲವೂ ಸುಪ್ರೀಂ ಕೋರ್ಟಿಗೆ ಹೋದವು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಯಾರೂ ಈ ಅರ್ಜಿ ಹಾಕುವಂತಿಲ್ಲವೆಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದೇ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದ ಕಲಾವಿದೆ ಸ್ನೇಹಲತಾ ರೆಡ್ಡಿ, ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಆಮೇಲೆ 1978ರ 44ನೆಯ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೆಯ ವಿಧಿಗಳನ್ನು ಅಮಾನತಿನಲ್ಲಿಡಲಾಗದು ಎಂದಾಯಿತು. ಆ 1976ರ ತೀರ್ಪನ್ನೇ ತಪ್ಪೆಂದು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರ ಆಗಸ್ಟಿನಲ್ಲಿ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹಳೆಯ ಜೈಲಿದ್ದ ಜಾಗ ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ. ಹೊಸ ಜೈಲು ನಮಗೆ ಸಮೀಪವಾದ ಪರಪ್ಪನ ಅಗ್ರಹಾರದಲ್ಲಿದೆ. ಮುನ್ನೆಚ್ಚರಿಕೆಯ ಬಂಧನ ಮಾತ್ರ ಇಂದಿಗೂ ಉಳಿದಿದೆ. ಕರ್ನಾಟಕದಲ್ಲಿ ‘ಗೂಂಡಾ ಕಾಯಿದೆ’ ಎಂದು ಕರೆಯುವ 1985ರ ಕಾಯಿದೆಯಡಿ ಹಿಡಿದವರಿಗೆ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. 22ನೆಯ ವಿಧಿಯೇ ಈ ವಿನಾಯಿತಿ ಕೊಟ್ಟಿದೆ. ಸಂವಿಧಾನದಲ್ಲಿ ಇದೊಂದು ಮುಳ್ಳೆಂದೇ ನನ್ನ ಅಭಿಪ್ರಾಯ. ಅಂಥವರಿಗೂ ಕಾರಣ ತಿಳಿಸಬೇಕು, ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಮೀರಿ ಇಡಬಾರದು ಎಂಬಷ್ಟು ರಕ್ಷಣೆ ಇದೆ.

ವಕೀಲರ ಫೀಜಿಗೆ ಹಣವಿಲ್ಲದವರು

ವಕೀಲರನ್ನು ಇಡಲು ಹಣವಿಲ್ಲದವನಿಗೆ ಸರಕಾರವೇ ವಕೀಲರನ್ನು ಕೊಡಬೇಕು. ಬಿಹಾರದ ಜೈಲುಗಳಲ್ಲಿ, ಅಪರಾಧ ಸಾಬೀತಾಗಿದ್ದರೂ ಅನುಭವಿಸಬೇಕಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ವಿಷಯ 1979ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆಯಾಗಿ ಬಂದಾಗ ಸುಪ್ರೀಂ ಕೋರ್ಟು ಇದನ್ನು 21ನೆಯ ವಿಧಿಯ ಹಕ್ಕೆಂದು ಸಾರಿತು. ಮೊದಲ ಸಲ ಮುಂದೆ ತಂದಾಗಲೇ ಈ ಹಕ್ಕನ್ನು ಆಪಾದಿತನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು 1980ರಲ್ಲಿ ಹೇಳಿತು. ಆದುದರಿಂದ ಆ ಹೊತ್ತಿನಲ್ಲಿ ಬಾಯಿ ಬಿಟ್ಟು ಹೇಳಬೇಕಾದ ಮಾತುಗಳು ಎರಡು: ಹೊಡೆದಿದ್ದರೆ ಹೊಡೆದಿದ್ದಾರೆಂದು, ವಕೀಲರಿಲ್ಲದಿದ್ದರೆ ಇಲ್ಲವೆಂದು. ಪೊಲೀಸರು ಪಕ್ಕದಲ್ಲೇ ನಿಂತಿರುತ್ತಾರೆ, ಅದಕ್ಕಾಗಿ ಅಂಜಬಾರದು. ಮ್ಯಾಜಿಸ್ಟ್ರೇಟರು ಇರುವುದೇ ಅದನ್ನು ಕೇಳುವುದಕ್ಕೆ.

1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಪೊಲೀಸರ ವಶದಲ್ಲಿ ಅಥವಾ ಜೈಲಿನಲ್ಲಿ ಇರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು ಇವರಿಗೆಲ್ಲ ವರಮಾನ ಎಷ್ಟೇ ಇದ್ದರೂ ಪುಕ್ಕಟೆ ವಕೀಲರು ಸಿಗುತ್ತಾರೆ. ಉಳಿದವರಿಗೆ ವರಮಾನದ ಮಿತಿ ಇದೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಜಿಲ್ಲಾ ನ್ಯಾಯಾಲಯಗಳಲ್ಲಿಯೂ ಜೈಲಿನೊಳಗೂ ಇದರ ಶಾಖೆಗಳುಂಟು. 15100 ಎಂಬ ಸಂಖ್ಯೆಗೆ ಫೋನು ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ದಸ್ತಗಿರಿಯಾದವನ ಹೆಸರು, ಠಾಣೆಯ ಹೆಸರು, ಕರೆದೊಯ್ದ ದಿನ ಮತ್ತು ಹೊತ್ತು ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು. ಆ ಅರ್ಜಿಗೆ ಶುಲ್ಕವಿಲ್ಲ.